ಅಳುವವರಿಗೆ ಬಾಗಿಲಿಲ್ಲ

ಕೊಟ್ಟೂರಿನ ವರ್ತಕರ ಧರ್ಮಾಸ್ಪತ್ರೆಯಲ್ಲಿ ಡಾಕ್ಟರು ಬರೆದುಕೊಡುತ್ತಿದ್ದ ಕೆಲವು ಚೀಟಿಗಳಲ್ಲಿ ಗುಳಿಗೆ, ಟಾನಿಕ್ಕುಗಳ ಕೆಳಗೆ ಕೊನೆಗೊಂದು ಸಾಲು ಇರುತ್ತಿತ್ತು: 'ಮಾರೆಮ್ಮನನ್ನು ಕಾಣುವುದು.' ಓದು ಬಾರದ ಹಳ್ಳಿಯವರು ಚೀಟಿಯನ್ನು ಔಷಧದ ಅಂಗಡಿಗೆ ಕೊಟ್ಟು, ಇದರಲ್ಲಿರುವುದನ್ನೆಲ್ಲ ಕಟ್ಟಿಕೊಡಿ ಎನ್ನುತ್ತಿದ್ದರು. ಅಂಗಡಿಯವನು ಗುಳಿಗೆ ಕಟ್ಟಿಕೊಟ್ಟು, "ಕಡೀದು ನಮ್ಮಲ್ಲಿ ಸಿಗಂಗಿಲ್ರಿ. ಆಸ್ಪತ್ರಿ ಹಿಂದ ಬೇವಿನ ಗಿಡದ ಕೆಳಗ ಬಟ್ಟಿ ಒಗೀತಿರ್ತಾಳ, ಅಲ್ಲಿ ಹೋಗ್ರಿ. ಹೋದ ಕೂಡ್ಲೇ ಅಳಾಕ ಮಾತ್ರ ಶುರು ಮಾಡಬ್ಯಾಡ್ರಿ, ಹಸೀ ಬಟ್ಟೀಲೇ ಹೊಡೀತಾಳ" ಎಂದು ಕಳಿಸುತ್ತಿದ್ದ.

ಮಾರೆಮ್ಮ ಆ ಆಸ್ಪತ್ರೆಯ ಆಯಾ. ನೆಲ ಒರೆಸುವುದು, ಬಟ್ಟೆ ಒಗೆಯುವುದು, ಹಾಸಿಗೆ ಹಿಡಿದವರ ಮೈ ತೊಳೆಯುವುದು ಅವಳ ಕೆಲಸ. ಹುಟ್ಟಿದ್ದು ಗುಡೇಕೋಟೆಯ ಕೇರಿಯಲ್ಲಿ, ಕೊಟ್ಟಿದ್ದು ಕೊಟ್ಟೂರಿನ ಕೇರಿಗೆ. ಅಕ್ಷರ ಬಾರದು, ಸಂಬಳದ ಪುಸ್ತಕಕ್ಕೆ ಎಡಗೈ ಹೆಬ್ಬೆಟ್ಟು. ಬಾಯಿಗೆ ಮಾತ್ರ ದೊಡ್ಡವರು ಚಿಕ್ಕವರು ಎಂಬ ಭೇದವಿರಲಿಲ್ಲ. ಇಂಥ ಹೆಂಗಸಿನ ಹೆಸರು ಡಾಕ್ಟರ ಚೀಟಿಗೆ ಹೇಗೆ ಹತ್ತಿತು ಎಂದು ತಿಳಿಯಬೇಕಾದರೆ ಮೊದಲು ಅವಳ ಗಂಡ ಸತ್ತದ್ದನ್ನು ಹೇಳಬೇಕು.

ಗಂಡ ಓಬಣ್ಣ ಹತ್ತಿ ಅಂಡಿಗೆ ಹೊರುವ ಹಮಾಲ. ಬೆಳಿಗ್ಗೆ ಎಲೆ ತಂಬಾಕು ಕೆನ್ನೆಗೆ ಇಟ್ಟನೆಂದರೆ ಹೊತ್ತು ಮುಳುಗುವವರೆಗೂ ಅದು ಅಲ್ಲೇ. ೧೯೭೬ರಲ್ಲಿ ಆ ಕೆನ್ನೆಯ ಒಳಗೇ ಹುಣ್ಣಾಯಿತು. ಬಳ್ಳಾರಿಯಲ್ಲಿ ಡಾಕ್ಟರೊಬ್ಬರು ಮಾರೆಮ್ಮನನ್ನು ಪಕ್ಕಕ್ಕೆ ಕರೆದು, ಇದು ಕ್ಯಾನ್ಸರ್, ತಡವಾಗಿದೆ, ಆದರೂ ಒಂದು ವರ್ಷಕ್ಕೆ ಮೋಸವಿಲ್ಲ ಎಂದರು. ಅವನಿಗೆ ಹೇಳಬೇಡ, ಎದೆ ಒಡೆದುಕೊಂಡಾನು ಎಂದು ಬಳಗದವರೆಲ್ಲ ಸೇರಿ ಅವಳ ಬಾಯಿ ಕಟ್ಟಿದರು.

ಬಾಯಿ ಕಟ್ಟಿದವರು ತಮ್ಮ ಕಣ್ಣು ಕಟ್ಟಿಕೊಳ್ಳಲಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇದೆಯಲ್ಲ, ಯಾರಿಗೋ ದೊಡ್ಡ ರೋಗ ಎಂದು ಸುದ್ದಿಯಾದರೆ ಸಾಕು, ನೆಂಟರಿಷ್ಟರು ಒಬ್ಬೊಬ್ಬರಾಗಿ 'ಮುಖ ನೋಡಲು' ಬರುತ್ತಾರೆ. ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು, ಒಂದು ಬ್ರೆಡ್ಡು. ಹೊಸ್ತಿಲು ದಾಟುವ ಮುಂಚೆ ಸೆರಗು ಬಾಯಿಗೆ ಹೋಗುತ್ತದೆ. ರೋಗಿಯ ಕಾಲು ಹಿಡಿದು ಅತ್ತು, ಮೂಗು ಒರೆಸಿಕೊಂಡು, ಚಹಾ ಕುಡಿದು ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾರೆ. ಹಾಗೆ ಗುಡೇಕೋಟೆಯಿಂದ, ಉಜ್ಜಿನಿಯಿಂದ, ಎಲ್ಲೆಲ್ಲಿಂದಲೋ ಬಂದು ಓಬಣ್ಣನ ಕಾಲು ಹಿಡಿದು ಅತ್ತರು. ಎಂಟನೆಯ ದಿನ ಅವನು ಗೋಡೆಯ ಕಡೆಗೆ ಹೊರಳಿ ಮಲಗಿದ.

ಒಂದು ಬೆಳಿಗ್ಗೆ ಅವನು ಗೋಡೆ ನೋಡುತ್ತಲೇ ಕೇಳಿದ್ದ: "ಮಾರೀ, ಖರೇ ಹೇಳು. ನಂಗೇನಾಗೈತಿ?"

"ಏನಿಲ್ಲ, ಉಷ್ಣ ಆಗೈತಿ" ಎಂದಿದ್ದಳು ಮಾರೆಮ್ಮ.

ಓಬಣ್ಣ ಹೂಂ ಎಂದ. ಅವಳು ಸುಳ್ಳು ಹೇಳಿದಳೆಂದು ಅವನಿಗೆ ಗೊತ್ತಾಯಿತು; ಅವನಿಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಆಮೇಲೆ ಅವನು ಯಾರನ್ನೂ ಏನನ್ನೂ ಕೇಳಲಿಲ್ಲ, ಅನ್ನವನ್ನೂ ಕೇಳಲಿಲ್ಲ. ವರ್ಷ ಇರುತ್ತಾನೆ ಎಂದಿದ್ದರು, ಇಪ್ಪತ್ತೆರಡನೆಯ ದಿನ ಹೋದ. "ರೋಗಕ್ಕ ವರ್ಷ ಬೇಕಾಗಿತ್ತು, ಮಂದಿ ಅತ್ತು ಅತ್ತು ಮೂರು ವಾರಕ್ಕ ಮುಗಿಸಿದ್ರು" ಎಂದು ಮಾರೆಮ್ಮ ಎಲ್ಲರ ಮುಂದೆಯೂ ಜೋರಾಗಿ ಹೇಳುತ್ತಿದ್ದಳು. ಜೋರಾಗಿ ಹೇಳದಿದ್ದದ್ದು ಒಂದೇ: ಕೊನೆಯಲ್ಲಿ ಗಂಡನನ್ನು ಒಂಟಿ ಮಾಡಿದವಳು ತಾನು. ಆ ಸಂಕಟ ಏಳು ವರ್ಷವಾದರೂ ಅವಳ ಎದೆಯಿಂದ ಇಳಿದಿರಲಿಲ್ಲ.

ಇನ್ನು ೧೯೮೩ರ ಯುಗಾದಿಗೆ ಬರೋಣ.

ಪೇಟೆ ಬೀದಿಯ ಶೇಂಗಾ ವ್ಯಾಪಾರಿ ಏಕಾಂತಪ್ಪನ ಹೆಂಡತಿ ಕೊಟ್ರಬಸಮ್ಮನಿಗೆ ಮೂವತ್ತೆಂಟು ವರ್ಷ. ಬೀದಿಯಲ್ಲಿ ಯಾರ ಮನೆಯಲ್ಲಿ ಉಪ್ಪಿನಕಾಯಿ ಹಾಕಿದರೂ ಭರಣಿ ಮೊದಲು ಬರುತ್ತಿದ್ದದ್ದು ಅವಳ ಮುಂದೆ. ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿ, ಇನ್ನೊಂದು ಹಿಡಿ ಉಪ್ಪು ಎಂದಳೆಂದರೆ ಅದೇ ತೀರ್ಪು. ಅವಳಿಗೆ ಗರ್ಭಚೀಲದ ಬಾಯಿಯ ಕ್ಯಾನ್ಸರ್ ಆಗಿತ್ತು. ಹುಬ್ಬಳ್ಳಿಯಲ್ಲಿ ಇದಕ್ಕೆ ಯಂತ್ರದಡಿ ಮಲಗಿಸಿ ಕಿರಣ ಬಿಡುತ್ತಾರೆ. ಜನ ಅದನ್ನು ಕರೆಂಟು ಕೊಡುವುದು ಎನ್ನುತ್ತಾರೆ. ಇಪ್ಪತ್ತೈದು ಕರೆಂಟು ಎಂದು ಗೊತ್ತಾಗಿ ಹನ್ನೆರಡು ಮುಗಿದಿದ್ದವು. ಯುಗಾದಿಗೆ ನಾಲ್ಕು ದಿನವೆಂದು ಮನೆಗೆ ಕರೆತಂದರು. ನಾಲ್ಕು ಹೋಗಿ ಹತ್ತಾಯಿತು, ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಹುಬ್ಬಳ್ಳಿ ಎಂದರೆ ಮುಸುಕು ಹೊದ್ದುಕೊಳ್ಳುವಳು. ರೋಗದ ಹೆಸರು ಊರಿಗೆಲ್ಲ ಗೊತ್ತಿತ್ತು, ಅವಳೊಬ್ಬಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಏಕಾಂತಪ್ಪ ಧರ್ಮಾಸ್ಪತ್ರೆಗೆ ಬಂದು ಶಕ್ತಿಗೆ ಏನಾದರೂ ಬರೆದುಕೊಡಿ ಎಂದು ಕೇಳಿದ. ಡಾಕ್ಟರ್ ಗುರುಸಂಗಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏಕಾಂತಪ್ಪ, ಇದು ಟಾನಿಕ್ಕಿನ ಮಾತಲ್ಲ. ಬರೋ ಸೋಮವಾರದೊಳಗ ಆಕೀನ ಹುಬ್ಬಳ್ಳಿಗೆ ಮುಟ್ಟಿಸು. ತಡ ಆದ್ರ ಕೊಟ್ಟಿದ್ದ ಹನ್ನೆರಡು ಕರೆಂಟು ಹೊಳ್ಯಾಗ ಹುಣಸಿಹಣ್ಣು ತೊಳದಂಗ. ಅರ್ಧ ಕಡದ ಜಾಲಿ ನೋಡೀಯಲ್ಲ, ಎರಡು ಪಟ್ಟು ಚಿಗೀತೈತಿ."

"ಒಲ್ಲೆ ಅಂತಾಳ್ರಿ. ಮೈನೂ ತೊಳಸಿಕೊಳ್ಳವಲ್ಲಳು. ಮನ್ಯಾಗ ಹೆಣಮಕ್ಳು ಮುಟ್ಟಾಕ ಹೆದರತಾರ್ರಿ" ಎಂದು ಏಕಾಂತಪ್ಪ ತಲೆ ತಗ್ಗಿಸಿದ.

ಡಾಕ್ಟರು ನೆಲ ಒರೆಸುತ್ತಿದ್ದ ಮಾರೆಮ್ಮನ ಕಡೆ ನೋಡಿದರು. ಹೀಗೆ ಬುಧವಾರ ಬೆಳಿಗ್ಗೆ ಮಾರೆಮ್ಮ ಪೇಟೆ ಬೀದಿಯ ಆ ಮನೆಗೆ ಹೋದಳು, ಹಿತ್ತಲ ಬಾಗಿಲಿನಿಂದ. ಮೈ ತೊಳೆಯುವ ಕೈಯ ಜಾತಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ತಾವೇ ತೊಳೆಯಬೇಕಾಗುತ್ತಿತ್ತು.

ಹಿತ್ತಲ ಕೋಣೆಯ ಕಿಟಕಿಯ ಮೇಲೆ ಒಂದು ಹಿತ್ತಾಳೆ ಲೋಟ ಬೋರಲು ಹಾಕಿತ್ತು. ಮಾರೆಮ್ಮನಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಚಹಾದ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಕೇರಿಯವರಿಗೆಂದು ಬೇರೆ ಇಟ್ಟ ಲೋಟವನ್ನು ಅವಳು ಹುಟ್ಟಿದಾಗಿನಿಂದ ಕಂಡವಳು. ಕುಡಿದು, ತಾನೇ ತೊಳೆದು, ಮತ್ತೆ ಹೀಗೇ ಬೋರಲು ಹಾಕಿದವಳು. ಈ ಮನೆಯಲ್ಲಿ ಅದು ಕೊಟ್ರಬಸಮ್ಮನ ಲೋಟವಾಗಿತ್ತು. ರೋಗ ಅಂಟುತ್ತದೆಂಬ ಹೆದರಿಕೆಗೆ ಮಡಿಯ ಹೆಸರಿಟ್ಟಿದ್ದರು. ಏಕಾಂತಪ್ಪನ ಅಣ್ಣ ಬೆನಕಪ್ಪ, ಈ ಮನೆಯ ಯಜಮಾನರು, ಧರ್ಮಾಸ್ಪತ್ರೆಯ ಕಮಿಟಿಯ ಮೆಂಬರು, ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಠದ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುವವರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಕೊಟ್ರಬಸಮ್ಮ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಕಾಲ ಬಳಿ ಮೂವರು ಹೆಂಗಸರು ಕೂತು ಅಳುತ್ತಿದ್ದರು. ಒಬ್ಬಳು ಹಾಡಿನಂತೆ ಎಳೆದು, "ಮುತ್ತಿನಂಥಾಕೀ, ಎಳೀ ಮಕ್ಕಳನ್ನ ಯಾರ ಕೈಯಾಗ ಕೊಟ್ಟು ಹೊಂಟೀ" ಎನ್ನುತ್ತಿದ್ದಳು. ಆ ಬೆನ್ನು, ಆ ಗೋಡೆ ನೋಡಿದ ಕೂಡಲೇ ಮಾರೆಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಬಿಸಿನೀರಿನ ಬಕೆಟ್ಟನ್ನು ದಡ್ಡನೆ ನೆಲಕ್ಕಿಟ್ಟಳು.

"ಏಳ್ರೀ ಮ್ಯಾಲಕ. ಎಲ್ಲಿ ಹೊಂಟಾಳ ಆಕಿ? ಹುಬ್ಬಳ್ಳಿಗೆ ಹೊಂಟಾಳ. ಬಸ್ಸಿಗೆ ಹೋಗೋರ ಮುಂದ ಹಿಂಗ ಬೊಬ್ಬಿ ಹೊಡೀತಾರೇನು? ಬಾಳಿಹಣ್ಣು ಇಲ್ಲಿಟ್ಟು ನಡೀರಿ. ಇವತ್ತಿನಿಂದ ಅಳೋರಿಗೆ ಈ ಮನ್ಯಾಗ ಬಾಗಿಲಿಲ್ಲ!"

ಅತ್ತೆ ಶಿವಬಸಮ್ಮ ಓಡಿ ಬಂದರು. "ಏ, ನಮ್ಮ ಮನೀ ಬಾಗಿಲು ಮುಚ್ಚಾಕ ನೀ ಯಾರು?"

"ನಾನು ಮೈ ತೊಳಿಯಾಕ ಬಂದಾಕಿ, ಅಮ್ಮಾರ. ಬಾಗಿಲು ತಕ್ಕೊಂಡು ತೊಳೀಲೇನು?"

ಮೂವರೂ ಸೆರಗು ಕೊಡವಿಕೊಂಡು ಎದ್ದು ಹೋದರು. ಆ ಮೇಲಿಂದ ಮುಖ ನೋಡಲು ಬಂದವರು ಹೊಸ್ತಿಲ ಮೇಲೆ ಪೊರಕೆ ಹಿಡಿದು ಕೂತ ಮಾರೆಮ್ಮನ ಮುಖ ನೋಡಿ ಹೋಗಬೇಕಾಯಿತು. ಹಾಗೆ ಹೋದವರು ಊರೆಲ್ಲ ಬೈದುಕೊಂಡು ತಿರುಗಿದರು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ?

ಗುರುವಾರ ಪಕ್ಕದ ಮನೆಯ ಕೊಟ್ರಮ್ಮ ಬಾಗಿಲಿಗೆ ಬಂದಾಗ ಮಾರೆಮ್ಮ ಅವಳನ್ನು ತಡೆದು ಕೇಳಿದಳು: "ಅಳಾಕ ಬಂದೀರೋ, ಮಾತಾಡಾಕ ಬಂದೀರೋ?"

"ಮಾತಾಡಾಕ" ಎಂದಳು ಕೊಟ್ರಮ್ಮ, ಹೆದರಿ.

"ಹಂಗಾರ ಬರಿಗೈಲೆ ಬಂದೀರಲ್ಲ! ನಿನ್ನಿ ಮಾವಿನಕಾಯಿ ಹೆಚ್ಚೋದು ನೋಡೀನಿ. ಭರಣಿ ತರ್ರಿ ಹೋಗ್ರಿ. ಈ ವರ್ಷ ಉಪ್ಪು ನೋಡೋರ್ಯಾರು?"

ಕೊಟ್ರಮ್ಮ ಹಿಂದೆಮುಂದೆ ನೋಡಿದಳು. ಮಾರೆಮ್ಮನ ಕಣ್ಣಿಗೆ ಅಂಜಿಯೋ ಏನೋ, ಹೋಗಿ ಬಟ್ಟಲಲ್ಲಿ ನಾಲ್ಕು ಹೋಳು ತಂದಳು. ಕೊಟ್ರಬಸಮ್ಮನ ಬೆನ್ನ ಹಿಂದೆ ಆ ಬಟ್ಟಲು ಎಷ್ಟೋ ಹೊತ್ತು ಇತ್ತು. ಕೊನೆಗೆ ಬೆನ್ನು ಹೊರಳಿತು. ಅವಳು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಉಪ್ಪು ಸರಿ ಆಗೈತಿ. ಮೆಂತೆ ಹೊತ್ತಿಸೀಯಲ್ಲ, ಕೊಟ್ರಿ. ಎಷ್ಟು ಸರ್ತಿ ಹೇಳೀನಿ ನಿನಗ!"

ಇಷ್ಟು ದಿನದಲ್ಲಿ ಅವಳಾಡಿದ ಮೊದಲ ಉದ್ದ ಮಾತು ಅದು. ಬಾಗಿಲಾಚೆ ನಿಂತಿದ್ದ ಶಿವಬಸಮ್ಮ ಅದನ್ನು ಕೇಳಿ ಒಳಗೆ ಹೋಗಿಬಿಟ್ಟರು. ಅವರೂ ಅತ್ತರೇನೋ, ಮಾರೆಮ್ಮ ನೋಡಲು ಹೋಗಲಿಲ್ಲ.

ಶುಕ್ರವಾರ ಮೈ ಒರೆಸುತ್ತಿದ್ದಾಗ ಕೊಟ್ರಬಸಮ್ಮ ಅವಳ ಮಣಿಕಟ್ಟು ಹಿಡಿದಳು. "ಮಾರೆಮ್ಮಾ, ನೀ ಆಸ್ಪತ್ರ್ಯಾಗ ಇರಾಕಿ. ಖರೇ ಹೇಳು. ನಂಗೇನಾಗೈತಿ?"

ಅದೇ ಮಾತು. ಮಾರೆಮ್ಮನ ಕೈಯ ಬಟ್ಟೆ ಬಕೆಟ್ಟಿಗೆ ಬಿತ್ತು. ರೋಗಿಗೆ ರೋಗದ ಹೆಸರು ಹೇಳಬಾರದು ಎಂದು ಆಸ್ಪತ್ರೆಯಲ್ಲಿ ಅವಳಿಗೆ ಸಾವಿರ ಸಲ ಹೇಳಿದ್ದರು. ಹೇಳಿದರೆ ನೌಕರಿ ಹೋಗುತ್ತದೆ ಎಂಬುದೂ ಗೊತ್ತಿತ್ತು. ಆ ನೌಕರಿ ಅವಳ ಒಲೆ ಉರಿಸುವ ನೌಕರಿ. ಕೇರಿಯಲ್ಲಿ ತಿಂಗಳ ಸಂಬಳ ತರುವ ಹೆಂಗಸು ಅವಳೊಬ್ಬಳೇ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಅವಳಿಗೆ ಇನ್ನೊಂದಿತ್ತು: ಮತ್ತೊಮ್ಮೆ 'ಉಷ್ಣ' ಎಂದುಬಿಟ್ಟೇನು ಎಂಬುದು.

"ಕ್ಯಾನ್ಸರ್ ಆಗೈತಿ ನಿಮಗ" ಎಂದಳು. "ಗರ್ಭಚೀಲದ ಬಾಯಿಗೆ. ಶುರುವಿನಾಗೇ ಸಿಕ್ಕೈತಿ ಅಂತ ಡಾಕ್ಟ್ರು ಅಂದಿದ್ದು ನನ್ನ ಕಿವಿಲೆ ಕೇಳೀನಿ. ಇನ್ನು ಹದಿಮೂರು ಕರೆಂಟು ತಗಂಡ್ರ ಬದುಕಾಕ ದಾರಿ ಐತಿ. ತಗಳ್ಳದಿದ್ರ ಇಲ್ಲ. ನಾ ಇಷ್ಟೇ ಬಲ್ಲೆ."

ಕೊಟ್ರಬಸಮ್ಮ ಅತ್ತಳು. ಈ ಅಳುವನ್ನು ಮಾರೆಮ್ಮ ತಡೆಯಲಿಲ್ಲ. ಇದು ಕಾಲು ಹಿಡಿದು ಅಳುವವರ ಅಳುವಲ್ಲ, ರೋಗದ ಯಜಮಾನಿಯದೇ ಅಳು. ಅದಕ್ಕೆ ಅವಳಿಗೆ ಹಕ್ಕಿತ್ತು. ಮಾರೆಮ್ಮ ಪಕ್ಕದಲ್ಲೇ ಕೂತಳು. ಬಕೆಟ್ಟಿನ ನೀರು ಆರಿತು. ಅತ್ತು ಮುಗಿದ ಮೇಲೆ ಕೊಟ್ರಬಸಮ್ಮ ಗಂಡನಿಗೂ ಹೇಳದ ಮಾತನ್ನು ಹೇಳಿದಳು.

ಕರೆಂಟು ಎಲ್ಲಿ ಬೀಳಬೇಕು ಎಂದು ತಿಳಿಯಲು ಹುಬ್ಬಳ್ಳಿಯಲ್ಲಿ ಹೊಟ್ಟೆಯ ಮೇಲೆ ನೇರಳೆ ಮಸಿಯಿಂದ ಗೆರೆ ಎಳೆದಿದ್ದರು. ನೀರು ತಾಗಿಸಬಾರದು ಎಂದಿದ್ದರು. ಯುಗಾದಿಯ ಬೆಳಿಗ್ಗೆ ಎಣ್ಣೆ ಹಚ್ಚಿ ಎರೆಯದಿದ್ದರೆ ವರ್ಷವೆಲ್ಲ ಅಶುಭ ಎಂದು ಶಿವಬಸಮ್ಮ ಸೊಸೆಯನ್ನು ಬಚ್ಚಲಿಗೆ ಕರೆದೊಯ್ದು, ಇನ್ನೂ ಲೋಟ ಬೇರೆಯಾಗದ ದಿನವದು, ಹರಳೆಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ತಿಕ್ಕಿ ತಿಕ್ಕಿ ಎರೆದಿದ್ದರು. ಏನೋ ಹೊಲಸು ಅಂಟಿದೆ ಎಂದುಕೊಂಡು ಆ ಗೆರೆಗಳನ್ನು ಇನ್ನಷ್ಟು ಮುತುವರ್ಜಿಯಿಂದ ತಿಕ್ಕಿದರು. ಎಷ್ಟೋ ದಿನದ ಮೇಲೆ ಬೆನ್ನ ಮೇಲೆ ಬಿದ್ದ ಆ ಪ್ರೀತಿಯ ಕೈಗೆ ಬೇಡ ಎನ್ನಲು ಕೊಟ್ರಬಸಮ್ಮನಿಗೆ ಬಾಯಿ ಬರಲಿಲ್ಲ.

"ಗೆರಿ ಅಳಿಸಿದ್ರ ಮುಗೀತು, ಮತ್ತ ಸೇರಿಸಿಕೊಳ್ಳಾಂಗಿಲ್ಲ ಅಂತ ವಾರ್ಡಿನಾಗ ಹೆಂಗಸ್ರು ಹೇಳ್ತಿದ್ರು. ಪಕ್ಕದ ಮಂಚದಾಕೀ ಗೆರಿ ಹೋಗಿದ್ವು. ಮರುದಿನ ಆಕಿ ಮಂಚ ಖಾಲಿ ಇತ್ತು. ಅತ್ತಿ ಹೆಸರು ಹೇಳಿದ್ರ ಮನ್ಯಾಗ ಅವರನ್ನ ಹರಿದು ತಿಂತಾರ. ಅದಕ್ಕ ನಾನಽ ಒಲ್ಲೆ ಅಂದೆ."

ಮಾರೆಮ್ಮನಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮೂವತ್ತು ಜನ ಬಂದು ಕಾಲು ಹಿಡಿದು ಅತ್ತಿದ್ದರು, ಒಬ್ಬರಾದರೂ ಯಾಕೆ ಒಲ್ಲೆ ಎನ್ನುತ್ತೀ ಎಂದು ಕೇಳಿರಲಿಲ್ಲ.

"ಅಯ್ಯ ನನ ತಾಯೀ, ಗೆರಿ ಹೋದ್ರ ಮತ್ತ ಬರೀತಾರ. ಮಸಿ ಬಾಟ್ಲಿ ತೀರೈತೇನು ಅವರದು? ಜೀವ ಹೋದ್ರ ಬರಿಯಾಕ ಬರಂಗಿಲ್ಲ."

ಗೋಡೆಗೆ ಕಿವಿ ಇರುತ್ತದೆ. ಶನಿವಾರ ಬೆಳಿಗ್ಗೆ ಬೆನಕಪ್ಪ ಆಸ್ಪತ್ರೆಯ ಅಂಗಳದಲ್ಲೇ ಮಾರೆಮ್ಮನನ್ನು ನಿಲ್ಲಿಸಿದರು. ರೋಗಿಗೆ ರೋಗದ ಹೆಸರು ಹೇಳಿ ಜೀವ ತೆಗೆಯಲು ನೋಡಿದಳು ಎಂದು ಅರ್ಜಿ ಬರೆದಾಗಿತ್ತು. ಕಮಿಟಿ ಕೂಡುವವರೆಗೆ ಕೆಲಸಕ್ಕೆ ಬರಬೇಡ, ನಮ್ಮ ಮನೆಯ ಹೊಸ್ತಿಲನ್ನೂ ತುಳಿಯಬೇಡ ಎಂದರು. ಡಾಕ್ಟರ್ ಗುರುಸಂಗಪ್ಪ ಕಿಟಕಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯರೇ, ಆದರೆ ಅಂದು ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಮಾರೆಮ್ಮ ಪೊರಕೆಯನ್ನು ಬೇವಿನ ಬುಡಕ್ಕೆ ಒರಗಿಸಿದಳು. "ಕೆಲಸ ಇಲ್ಲ ಅಂದ್ರ ಚಲೋನಽ ಆತು, ಧಣಿ. ಹುಬ್ಬಳ್ಳಿಗೆ ಹೋಗಾಕ ರಜಾ ಹೆಂಗ ಕೇಳೋದು ಅಂತ ಚಿಂತಿ ಮಾಡಾಕ ಹತ್ತಿದ್ದೆ."

ಭಾನುವಾರ ಅವಳು ಹೊಸ್ತಿಲು ತುಳಿಯಲಿಲ್ಲ. ಬೀದಿಯಲ್ಲಿ ನಿಂತು ಏಕಾಂತಪ್ಪನನ್ನು ಕೂಗಿದಳು. ಇಡೀ ಪೇಟೆ ಕೇಳುವ ಹಾಗೆ, "ನಾಳಿ ಸೋಮವಾರ ಐತಿ ಏಕಾಂತಪ್ಪಾರ, ಹೆಣ್ತಿ ಬೇಕೋ ಅಣ್ಣ ಬೇಕೋ ಇವತ್ತಽ ಹೇಳ್ರಿ" ಎಂದಳು. ಏಕಾಂತಪ್ಪ ಬಾಗಿಲಿಗೆ ಬಂದು ಕಂಬ ಹಿಡಿದು ನಿಂತ. ಒಳಗಿನಿಂದ ಗೋಡೆ ಹಿಡಿದುಕೊಂಡು ಕೊಟ್ರಬಸಮ್ಮ ನಡೆದು ಬಂದಳು. ಎರಡು ವಾರ ಹಾಸಿಗೆ ಹಿಡಿದವಳು ಪಡಸಾಲೆಗೆ ಬಂದದ್ದು ಅದೇ ಮೊದಲು.

"ನಂಗ ಕ್ಯಾನ್ಸರ್ ಆಗೈತಿ" ಎಂದಳು, ಗಂಡನಿಗೂ ಬೀದಿಗೂ ಕೇಳುವಂತೆ. "ನಾ ಹುಬ್ಬಳ್ಳಿಗೆ ಹೋಗತೀನಿ. ಹೊಟ್ಟಿ ಮ್ಯಾಲಿನ ಗೆರಿ ಅಳಿಸ್ಯಾವ, ಅದಕ್ಕ ಹೆದರಿದ್ದೆ. ಈಗ ಹೆದರಂಗಿಲ್ಲ."

ಶಿವಬಸಮ್ಮ ಗೆರೆ ಎಂದು ಕೇಳಿದವರೇ ಕುಸಿದು ಕೂತರು. "ಅಯ್ಯೋ ಶಿವನೇ, ನನ್ನ ಕೈಯಾರೆ ತೊಳದೆನಲ್ಲೋ!" ಎಂದು ಎದೆ ಬಡಿದುಕೊಳ್ಳಲು ಕೈ ಎತ್ತಿದರು. ಮಾರೆಮ್ಮ ಬೀದಿಯಿಂದಲೇ ಗದರಿದಳು.

"ಅಳೋದು ಆಮ್ಯಾಲೆ, ಅಮ್ಮಾರ. ನಾಳಿ ಆರೂವರಿ ಬಸ್ಸಿಗೆ ಬುತ್ತಿ ಆಗಬೇಕು. ರೊಟ್ಟಿ ತಟ್ಟ್ರಿ."

ಆ ಎತ್ತಿದ ಕೈ ರೊಟ್ಟಿ ತಟ್ಟಿತು. ಸೋಮವಾರ ಗಂಡ ಹೆಂಡತಿ, ಮಾರೆಮ್ಮ ಮೂವರೂ ಬಸ್ಸು ಹತ್ತಿದರು. ಏಕಾಂತಪ್ಪ ಮುಂದಿನ ಸೀಟು, ಹೆಂಗಸರಿಬ್ಬರು ಹಿಂದೆ ಒಂದೇ ಸೀಟು. ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿಯ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕೊಟ್ರಬಸಮ್ಮ ಎದ್ದು ನಿಂತಳು. ಅವಳ ತವರು ಮಾಗಳ ಅಲ್ಲಿಂದ ಹತ್ತಿರ.

"ಮಾರೆಮ್ಮಾ, ನನ್ನ ಕೈಲಿ ಆಗಂಗಿಲ್ಲ. ನಾ ಇಲ್ಲೇ ಇಳಿದು ನಮ್ಮವ್ವನ ಹತ್ರ ಹೋಗತೀನಿ."

ಎಳೆದು ಕೂರಿಸಬೇಕು ಎಂದು ಮಾರೆಮ್ಮನ ಕೈ ತುರಿಸಿತು. ಅವಳು ಕಾಲು ಮಡಿಚಿ ದಾರಿ ಬಿಟ್ಟಳು. "ಇಳೀರಿ. ನಾ ಹಿಡಿಯಂಗಿಲ್ಲ. ಅಲ್ಲಿ ನಿಮ್ಮವ್ವ ಅಳ್ತಾಳ, ನೀವೂ ಅಳಬೋದು. ನಾ ಹುಬ್ಬಳ್ಳಿಗೆ ಹೋಗಿ ಬರತೀನಿ, ಹೊರಟೀನಿ ಅಂದಮ್ಯಾಲೆ ನೋಡೇ ಬರಬೇಕಲ್ಲ ಆ ಯಂತ್ರ ಹೆಂಗೈತಿ ಅಂತ."

ಕೊಟ್ರಬಸಮ್ಮ ಇಳಿದಳು. ಕಂಡಕ್ಟರ್ ಸೀಟಿ ಊದಿದ. ಮಾರೆಮ್ಮ ಮುಂದಿನ ಸೀಟಿನ ಕಂಬಿ ಹಿಡಿದು, ಹಿಂದೆ ತಿರುಗಿ ನೋಡದೆ ಕೂತಳು. ಎದ್ದು ನಿಂತ ಏಕಾಂತಪ್ಪನಿಗೂ ಕೂಡ್ರಿ ಎಂದು ಕೈಸನ್ನೆ ಮಾಡಿದಳು. ಇನ್ನೊಂದು ಸೀಟಿ ಬೀಳುವಷ್ಟರಲ್ಲಿ ಕೊಟ್ರಬಸಮ್ಮ ಏದುಸಿರು ಬಿಡುತ್ತಾ ಪಕ್ಕದಲ್ಲಿ ಬಂದು ಕುಸಿದಳು. ಕೈಯಲ್ಲಿ ಒಂದು ಮೊಳ ಹಡಗಲಿ ಮಲ್ಲಿಗೆ ಇತ್ತು. ಅದನ್ನು ಮುಡಿದುಕೊಳ್ಳುತ್ತಾ, "ತುಟ್ಟಿ ಹೇಳತಾರ, ಸುಡುಗಾಡು" ಎಂದಳು. ಮಾರೆಮ್ಮನಿಗೆ ಆಗ ಧೈರ್ಯ ಬಂತು. ಸಾಯಲು ಹೊರಟವರು ಹೂವಿನ ರೇಟಿಗೆ ಜಗಳವಾಡುವುದಿಲ್ಲ.

ಹುಬ್ಬಳ್ಳಿಯಲ್ಲಿ ನರ್ಸಮ್ಮ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಹಳೆಯ ಕಾಗದ ನೋಡಿ, ಡಾಕ್ಟರನ್ನು ಕರೆದು, ಗೆರೆಗಳನ್ನು ಮತ್ತೆ ಎಳೆದರು. ಊಟಕ್ಕೆ ಕೂತು ಏಳುವಷ್ಟು ಹೊತ್ತೂ ಹಿಡಿಯಲಿಲ್ಲ. "ಇದಕ್ಕ ಹೆದರಿ ಇಷ್ಟು ದಿನ ಮನ್ಯಾಗ ಕೂತಿದ್ರೇನವಾ?" ಎಂದು ಅವರು ಕೇಳಿದಾಗ ಕೊಟ್ರಬಸಮ್ಮ ತಲೆ ತಗ್ಗಿಸಿದಳು. ಮಂಚ ಖಾಲಿ ಮಾಡಿದ್ದ ಆ ಹೆಂಗಸು ಊರಿಗೆ ಹೋಗಿ ಬಂದು ಮೂಲೆಯ ಮಂಚದಲ್ಲಿ ಕೂತು ಯಾರದೋ ತಲೆ ಬಾಚುತ್ತಿದ್ದಳು. ದಿನಗಳೆದ ತಪ್ಪಿಗೆ ಹದಿಮೂರರ ಜೊತೆ ಇನ್ನೂ ಮೂರು ಕರೆಂಟು ಸೇರಿದವು. ಅಷ್ಟೂ ದಿನ ಮಾರೆಮ್ಮ ಅಲ್ಲಿದ್ದಳು. ವಾರ್ಡಿನ ಹೆಂಗಸರನ್ನು ಬೈದಳು, ನಗಿಸಿದಳು, ಕೇಳಿದವರಿಗೆ ಗೊತ್ತಿದ್ದಷ್ಟು ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು.

ಊರಿಗೆ ಮರಳಿದ ದಿನವೇ ಕಮಿಟಿ ಕೂಡಿತ್ತು. ಅಧ್ಯಕ್ಷ ಜಂಬಣ್ಣ, ಬೆನಕಪ್ಪ, ಇನ್ನಿಬ್ಬರು ವರ್ತಕರು ಕುರ್ಚಿಯಲ್ಲಿ, ಡಾಕ್ಟರು ಪಕ್ಕದಲ್ಲಿ. ಮಾರೆಮ್ಮ ನಿಂತಿದ್ದಳು, ಬಸ್ಸಿನ ಧೂಳು ಇನ್ನೂ ಮೈ ಮೇಲಿತ್ತು.

"ರೋಗದ ಹೆಸರು ಹೇಳಾಕ ನೀ ಡಾಕ್ಟರೇನು?" ಎಂದರು ಜಂಬಣ್ಣ.

"ಅಲ್ರಿ. ಡಾಕ್ಟ್ರನ್ನ ಆಕಿ ಕೇಳಲಿಲ್ಲ, ನನ್ನ ಕೇಳಿದ್ಲು."

"ತಪ್ಪಾತು ಅಂತ ಬರದೀವಿ. ಹೆಬ್ಬೆಟ್ಟು ಒತ್ತು, ನಾಳಿಂದ ಕೆಲಸಕ್ಕ ಬಾ."

ಮಸಿಯ ಡಬ್ಬಿ ಮುಂದೆ ಬಂತು. ಒತ್ತಿದ್ದರೆ ಒಲೆ ಉರಿಯುತ್ತಿತ್ತು. ಮಾರೆಮ್ಮ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಸಂಬಳಕ್ಕ ಒತ್ತೀನಿ, ಧಣಿ. ಸುಳ್ಳಿಗೆ ಒಂದ್ಸಾರಿ ಒತ್ತಿ ಗಂಡನ್ನ ಕಳಕೊಂಡೀನಿ. ಇನ್ನ ಒತ್ತಂಗಿಲ್ಲ. ಕೆಲಸದಿಂದ ತಗೀತೀರೇನು, ತಗೀರಿ."

ಅಷ್ಟರಲ್ಲಿ ಬಾಗಿಲಲ್ಲಿ ಕೊಟ್ರಬಸಮ್ಮ ಬಂದು ನಿಂತಳು. ಸಣ್ಣಗಾಗಿದ್ದಳು, ಕಪ್ಪಗಾಗಿದ್ದಳು, ಆದರೆ ತನ್ನ ಕಾಲ ಮೇಲೆ ನಿಂತಿದ್ದಳು. ಮಾವನ ಸಮಾನರಾದ ಭಾವನ ಮುಂದೆ ಹಿಂದೆಂದೂ ಬಾಯಿ ಬಿಟ್ಟವಳಲ್ಲ.

"ಭಾವಾರ, ಹೆಸರು ಹೇಳಿದ್ರ ನಾ ಸಾಯತೀನಿ ಅಂತ ಅರ್ಜಿ ಬರದೀರಂತ. ಹೆಸರು ಕೇಳಿ ಎದ್ದು ನಿಂತಾಕಿ ನಾನು. ನೀವೆಲ್ಲ ಸುಮ್ಮನಿದ್ದು ಕೊಲ್ಲಾಕ ಹತ್ತಿದ್ರಿ."

ಬೆನಕಪ್ಪ ಶಲ್ಯ ಸರಿಮಾಡಿಕೊಂಡು, ನಾನು ಮನೆತನದ ಮಾನಕ್ಕಾಗಿ ಹೇಳಿದೆ ಅಷ್ಟೇ ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಡಾಕ್ಟರ್ ಗುರುಸಂಗಪ್ಪ ಎದ್ದು ನಿಂತರು. ಕಿಟಕಿಯಲ್ಲಿ ನುಂಗಿಕೊಂಡ ಮಾತು ಆಗ ಹೊರಬಂತು.

"ನಾ ಹುಬ್ಬಳ್ಳಿಗೆ ಚೀಟಿ ಬರೀಬಲ್ಲೆ. ಆ ಚೀಟಿ ಹಿಡಕೊಂಡು ಬಸ್ಸು ಹತ್ತೋ ಎದಿ ಬರಿಯಾಕ ನನಗ ಬರಂಗಿಲ್ಲ. ಆ ವಿದ್ಯಾ ನನಗ ಯಾರೂ ಕಲಿಸ್ಲಿಲ್ಲ. ಈಕಿಗೆ ಬರತೈತಿ. ಈಕೀನ ತಗದ್ರ ನನ್ನೂ ತಗೀರಿ."

ಜಂಬಣ್ಣ ಅರ್ಜಿಯನ್ನು ಮಡಚಿ ಮಸಿಯ ಡಬ್ಬಿ ಮುಚ್ಚಿದರು. ಚೀಟಿಯ ಮೇಲೆ ಆ ಸಾಲು ಶುರುವಾದದ್ದು ಮರುದಿನದಿಂದ.

ಎಲ್ಲರೂ ಎದ್ದು ಹೋದ ಮೇಲೆ ಬೇವಿನ ಗಿಡದ ಕೆಳಗೆ ಕೊಟ್ರಬಸಮ್ಮ ಕೈಚೀಲದಿಂದ ಆ ಹಿತ್ತಾಳೆ ಲೋಟ ತೆಗೆದಳು. ಹುಬ್ಬಳ್ಳಿಗೆ ಅದನ್ನೇ ಒಯ್ದಿದ್ದಳು. ನಲ್ಲಿಯಲ್ಲಿ ನೀರು ತುಂಬಿ, ತಾನು ಅರ್ಧ ಕುಡಿದು, ಕಣ್ಣಲ್ಲಿ ನೀರು ತಂದುಕೊಂಡು ಉಳಿದರ್ಧವನ್ನು ಮಾರೆಮ್ಮನ ಮುಂದೆ ಹಿಡಿದಳು. "ಕುಡಿ, ಮಾರೆಮ್ಮಾ. ನಿನಗೂ ನನಗೂ ಇನ್ನ ಬ್ಯಾರೆ ಇಲ್ಲ."

ಮಾರೆಮ್ಮ ಲೋಟ ನೋಡಿದಳು, ಮುಟ್ಟಲಿಲ್ಲ. ಅವಳಿಗೆ ಕೊಟ್ರಬಸಮ್ಮನ ಮೇಲೆ ಪ್ರೀತಿ ಇತ್ತು, ಅದಕ್ಕೇ ಸಿಟ್ಟೂ ಬಂತು.

"ಇದು ಬ್ಯಾರೆ ಇಟ್ಟ ಲೋಟ, ಕೊಟ್ರಬಸಮ್ಮಾರ. ಇಂಥಾದ್ರಾಗ ನಾ ಹುಟ್ಟಿದಾಗಿಂದ ಕುಡದೀನಿ. ನಿಮ್ಮನ್ನ ಹೊರಗ ಹಾಕಿದಾಗ ನನ್ನ ಲೋಟಕ್ಕ ಬಂದ್ರಿ, ಖರೆ. ಈಗ ನೀವು ಒಳಗ ಹೋಗೋರು. ನನಗ ಕುಡಸೋ ಮನಸಿದ್ರ ಒಳಗಿನ ಲೋಟದಾಗ ಕೊಡ್ರಿ. ಇಲ್ದಿದ್ರ ಬ್ಯಾಡ, ನನಗೇನು ಬಾಯಿ ಆರಿಲ್ಲ."

ಕೊಟ್ರಬಸಮ್ಮನ ಮುಖ ಬಾಡಿತು. ಲೋಟ ಚೀಲಕ್ಕಿಟ್ಟು ಹೊರಟಳು. ಮುಗಿಯಿತು ಬಿಡು ಎಂದುಕೊಂಡಳು ಮಾರೆಮ್ಮ. ಮೂರು ದಿನ ಸುದ್ದಿಯಿಲ್ಲ.

ನಾಲ್ಕನೆಯ ದಿನ ಏಕಾಂತಪ್ಪನೇ ಬಂದು ಕರೆದ. ಮಾರೆಮ್ಮ ರೂಢಿಯಂತೆ ಹಿತ್ತಲಿಗೆ ತಿರುಗಿದಾಗ, "ಅಲ್ಲಿ ಅಲ್ಲ, ಈ ಕಡಿ" ಎಂದು ಮುಂಬಾಗಿಲು ತೋರಿಸಿದ. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಬೆನಕಪ್ಪ ಆ ಹೊತ್ತಿಗೆ ಬೇಕೆಂದೇ ಎದ್ದು ಹೊರಗೆ ಹೋದರು. ಹಿತ್ತಲ ಕೋಣೆಯ ಬಾಗಿಲು ತೆರೆದಿತ್ತು, ಕಿಟಕಿಯಲ್ಲಿ ಲೋಟವಿರಲಿಲ್ಲ. ಪಾತ್ರೆಯವನಿಗೆ ಹಾಕಿಬಿಟ್ಟೆ ಎಂದಳು ಕೊಟ್ರಬಸಮ್ಮ. ಒಳಗಿನಿಂದ ಚಹಾ ತಂದದ್ದು ಶಿವಬಸಮ್ಮ. ಹೊರಗಿನ ಮಂದಿಯ ಕೈಗೆ ಎಂದೂ ಕೊಡದ, ಹೆಸರು ಕೆತ್ತಿಸಿದ, ಸೊಸೆಯ ಮದುವೆಯ ಲೋಟದಲ್ಲಿ ತಂದಿದ್ದರು. ನೆಲಕ್ಕಿಡದೆ ಕೈಗೇ ಕೊಟ್ಟರು.

ಮನೆಮಂದಿಯೆಲ್ಲ ನೋಡುತ್ತಿದ್ದರು. ಮಾರೆಮ್ಮ ಅವಸರ ಮಾಡಲಿಲ್ಲ. ಲೋಟ ಕಚ್ಚಿಯೇ ಒಂದು ಗುಟುಕು ಕುಡಿದಳು. ನಾಲಿಗೆಯ ಮೇಲೆ ಹೊರಳಿಸಿ ನೋಡಿದಳು.

"ಸಕ್ಕರಿ ಕಡಿಮಿ ಆಗೈತಿ" ಎಂದಳು.

ಕೊಟ್ರಬಸಮ್ಮ ಎದ್ದು ಹೋಗಿ ಸಕ್ಕರೆ ಡಬ್ಬಿ ತಂದಳು.